ಏಳು ಗೇಣಿನ ಬೀರು

ಹೊಸ ಬಡಾವಣೆಯ ಕೆಲಸ ಮುಗಿದಿದೆ, ಬಂದು ಮನೆ ನೋಡಿಕೊಳ್ಳಿ ಎಂದು ಕಂಟ್ರಾಕ್ಟರು ಫೋನು ಮಾಡಿದ ಗಳಿಗೆಯಿಂದ ನಮ್ಮ ಮನೆಯಲ್ಲಿ ಮಹಾಯುದ್ಧ. ಹೊಸ ಮನೆಯ ಹಾಲಿನ ಕಿಟಕಿ ಪಕ್ಕದಲ್ಲಿ ಎರಡು ಗೋಡೆಗಳ ನಡುವೆ ಒಂದು ಸಂದು ಇದೆಯಂತೆ. ಅಲ್ಲಿಗೆ ನನ್ನ ಆರಾಮ ಕುರ್ಚಿಯೋ, ಹೆಂಡತಿಯ ತವರಿನ ಬೀರುವೋ?

ಹದಿನೇಳು ವರ್ಷ ನನ್ನ ಬೆನ್ನನ್ನು ಹೊತ್ತ ಕುರ್ಚಿ ಅದು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅದರಲ್ಲಿ ಕೂತು ಎಷ್ಟು ಉತ್ತರಪತ್ರಿಕೆ ತಿದ್ದಿದ್ದೇನೋ, ಎಷ್ಟರ ಮೇಲೆ ಗೊರಕೆ ಹೊಡೆದಿದ್ದೇನೋ, ಲೆಕ್ಕವಿಲ್ಲ.

"ಬೀರು ಹಿಡಿಸಿದ್ರೆ ಬೀರು, ಹಿಡಿಸದಿದ್ರೆ ನಿಮ್ಮ ಕುರ್ಚಿ. ಸೋತದ್ದು ನನ್ನ ತಮ್ಮನ ಮನೆಗೆ" ಎಂದು ಹೆಂಡತಿ ಸಂಧಾನ ಸೂತ್ರ ಮುಂದಿಟ್ಟಳು. ಬೀರುವಿನ ಅಗಲವನ್ನು ಆಗಲೇ ಅಳೆದೂ ಬಿಟ್ಟಿದ್ದಳು. "ಸರಿಯಾಗಿ ಏಳು ಗೇಣು!"

ಭಾನುವಾರ ಬಾಮೈದ ತನ್ನ ಟೆಂಪೊ ತಂದ. ನಾವಿಬ್ಬರು, ಎಂಟನೇ ಕ್ಲಾಸಿನ ಮಗಳು, ಎಲ್ಲರೂ ಹತ್ತಿ ಹೊರಟೆವು. ಆಹಾ, ಏನು ಬಡಾವಣೆ! ಚಪ್ಪಲಿಗೆ ಅಂಟುವಷ್ಟು ಹೊಸ ಡಾಂಬರು. ಬೀದಿಯುದ್ದಕ್ಕೂ ಗೇಣುದ್ದದ ಗಿಡಗಳು, ಅವಕ್ಕೆ ಆಳೆತ್ತರದ ಕಬ್ಬಿಣದ ಬೇಲಿ. ನಮ್ಮ ಮನೆಯ ಬೀಗ ತೆಗೆದದ್ದೇ ತಡ, ಮಗಳು ಖಾಲಿ ಕೋಣೆಗಳಲ್ಲಿ ಕೂಗಿ ಕೂಗಿ ತನ್ನ ಹೆಸರನ್ನು ತಾನೇ ಕೇಳಿಸಿಕೊಂಡಳು. ಹೆಂಡತಿ ಒಂದೊಂದೇ ನಲ್ಲಿ ತಿರುಗಿಸಿದಳು. ಅವು ಕೆಮ್ಮಿ, ಕ್ಯಾಕರಿಸಿ, ಕೊನೆಗೆ ನೀರು ಕೊಟ್ಟವು. ನಾನಂತೂ ಹಗಲು ಹೊತ್ತಿನಲ್ಲೇ ಎಲ್ಲ ಸ್ವಿಚ್ಚು ಒತ್ತಿ ದೀಪ ಹಚ್ಚಿದೆ. ಅಷ್ಟು ಖುಷಿಯಾಗಿತ್ತು ನನಗೆ.

ಕೊನೆಗೆ ಆ ಸಂದಿನ ಮುಂದೆ ನಿಂತೆವು.

"ಎಲ್ರೀ ಟೇಪು?"

ಟೇಪು ಹಳೇ ಮನೆಯ ಮೇಜಿನ ಮೇಲೆ ಸುಖವಾಗಿತ್ತು. (ಮರೆಯದಿರಲೆಂದು ನಾನೇ ಅಲ್ಲಿಟ್ಟಿದ್ದೆ.)

"ಟೇಪು ಯಾಕೆ? ಕೈ ಇಲ್ವಾ?" ಎಂದು ಮಂಡಿಯೂರಿ ಗೋಡೆಗುಂಟ ಕೈ ಊರುತ್ತಾ ಹೋದೆ. ಒಂದು, ಎರಡು, ಮೂರು... ಆರಕ್ಕೆ ಗೋಡೆ ಮುಗಿಯಿತು! ಇನ್ನೊಮ್ಮೆ ಅಳೆದೆ. ಆರೇ!

"ಆರು ಗೇಣಿನ ಜಾಗದಲ್ಲಿ ಏಳು ಗೇಣಿನ ಬೀರು! ಎಲ್ಲಿಂದ ಹಿಡಿಸುತ್ತೆ?" ನಾನು ಕುಣಿದಾಡಿಬಿಟ್ಟೆ. "ಲೋ, ನಾಳೇನೇ ಬೀರು ಎತ್ಕೊಂಡು ಹೋಗು!"

"ಭಾವ, ಅಕ್ಕನ್ನ ಒಂದು ಮಾತು ಕೇಳಿ..."

"ಕೇಳೋದೇನಿದೆ? ಅಳತೆ ಅಂದ್ರೆ ಅಳತೆ. ಅದಕ್ಕೆ ದಯೆ ಇಲ್ಲ, ದಾಕ್ಷಿಣ್ಯ ಇಲ್ಲ!"

ಹೆಂಡತಿ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಸೆರಗು ಸಿಕ್ಕಿಸಿ ನನ್ನ ಪಕ್ಕ ಕೂತು, ತನ್ನ ಪುಟ್ಟ ಕೈಯನ್ನು ಗೋಡೆಗೆ ಊರಿದಳು. ಐದು, ಆರು, ಏಳು... ಅದರ ಮೇಲೂ ನಾಲ್ಕು ಬೆರಳು ಜಾಗ ಉಳಿಯಿತು.

"ಬೀರು ಅಳೆದದ್ದು ಈ ಕೈಯಲ್ಲಿ ಕಣ್ರೀ" ಎಂದಳು. ಆ ಕೈಯನ್ನು ನನ್ನ ಅಂಗೈ ಮೇಲಿಟ್ಟಳು. ಅವಳ ಬೆರಳ ತುದಿಗಳು ನನ್ನ ಬೆರಳುಗಳ ಅರ್ಧಕ್ಕೇ ನಿಂತವು.

"ಅದೂ, ಅದು... ಗೇಣು ಅಂದ್ಮೇಲೆ..."

"ಅಪ್ಪಾ!" ಮಗಳು ಕಿರುಚಿದಳು. "ಅಡಿ, ಮೀಟರು ಎರಡನ್ನೂ ಒಂದೇ ಲೆಕ್ಕದಲ್ಲಿ ಕಲಸಿದ್ದಕ್ಕೆ ಹೋದ ತಿಂಗಳು ನಂಗೆ ಎಷ್ಟು ಮಾರ್ಕ್ಸು ಕೊಟ್ರಿ?"

ಅವಳು ಧೂಳು ಹಿಡಿದ ಹೊಸ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ದೊಡ್ಡದೊಂದು ಸೊನ್ನೆ ಬರೆದು, ಕೆಳಗೆ ನನ್ನಂತೆಯೇ ಗೀಟೆಳೆದು ಸಹಿ ಹಾಕಿದಳು.

"ಅಳತೆ ಅಂದ್ರೆ ಅಳತೆ, ಅಲ್ವಾ?" ಎಂದು ಹೆಂಡತಿ ನಲ್ಲಿಗಳ ಕಡೆಗೆ ಹೋದಳು.

ಬಾಮೈದ ಮೆಲ್ಲಗೆ ಹತ್ತಿರ ಬಂದ. ಒಳ್ಳೆಯ ಹುಡುಗ, ಮರ್ಯಾದೆ ಬಲ್ಲವನು. "ಭಾವ, ಬೇಜಾರ್ ಮಾಡ್ಕೋಬೇಡಿ" ಎಂದ. "ಆ ಕುರ್ಚಿ ಮಡಚೋದು ಹೇಗೆ, ಒಂಚೂರು ಹೇಳ್ಕೊಡ್ತೀರಾ?"