ಮುಂದಿನ ಶಾಫ್ಟ್ ಇಲ್ಲದ ಜೀಪು

ಈ ಸಂಗತಿಯನ್ನು ಹೇಳಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದಿದ್ದೇನೆ. ಮೊದಲು ಸುಗ್ಗಿ ಮುಗಿಯಲಿ ಎಂದೆ. ಆಮೇಲೆ ಮಗಳ ಮದುವೆಯಾಗಲಿ ಎಂದೆ. ಮದುವೆಯಾಗಿ, ಅವಳ ಮಗ ಶಾಲೆಗೆ ಹೋಗತೊಡಗಿದ ಮೇಲೆ, ಕಣ್ಣಿಗೆ ಪೊರೆ ಬಂದಿದೆ, ಬರೆಯುವುದು ಹೇಗೆ ಎಂದೆ. ಹೋದ ಚಳಿಗಾಲದಲ್ಲಿ ಪೊರೆಯನ್ನೂ ತೆಗೆಸಿಕೊಂಡೆ. ಈಗ ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ. ನೆಪವೊಂದೇ ಎಲ್ಲಿ ಹುಡುಕಿದರೂ ಕಾಣುತ್ತಿಲ್ಲ. ಆದ್ದರಿಂದ ಬರೆಯಲು ಕೂತಿದ್ದೇನೆ. ಇದರಲ್ಲಿ ಒಬ್ಬ ಡ್ರೈವರ್ ಬರುತ್ತಾನೆ. ಅವನ ಹೆಸರನ್ನು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯಲು ಕೈ ಮುಂದೆ ಹೋಗಲಿಕ್ಕಿಲ್ಲ.

ನನಗೊಂದು ಕೆಟ್ಟ ಚಟವಿದೆ. ಯಾವುದಾದರೂ ಜೀಪು ಕಂಡರೆ ಎಲ್ಲರೂ ಅದರ ಬಣ್ಣ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ. ನಾನು ಬಗ್ಗಿ ಅದರ ಹೊಟ್ಟೆಯಡಿ ನೋಡುತ್ತೇನೆ. ಮೊನ್ನೆ ನಮ್ಮ ಬಾಜೂ ಮನೆಯವರು ದೊಡ್ಡದೊಂದು ಹೊಸ ಗಾಡಿ ತಂದರು. ಹಿಂದಿನ ಬಾಗಿಲ ಮೇಲೆ ಬೆಳ್ಳಿಯ ಬಣ್ಣದಲ್ಲಿ ನಾಲ್ಕು ಗುಣಿಸು ನಾಲ್ಕು ಎಂದು ಬರೆದಿತ್ತು. ಪೂಜೆಯಾಗಿ, ನಿಂಬೆಹಣ್ಣು ಗಾಲಿಯಡಿ ಸಿಕ್ಕು ಚಪ್ಪಟೆಯಾದ ಮೇಲೆ, ನಾನು ಎಂದಿನಂತೆ ಮುಂದಿನ ಬಂಪರಿನ ಹತ್ತಿರ ಮಂಡಿಯೂರಿ ತಲೆ ಬಗ್ಗಿಸಿದೆ. ಬಗ್ಗಿದ ಸೊಂಟ ಮೇಲೇಳಲಿಲ್ಲ.

"ಕಾಕಾ, ಅಡ್ಯಾಗ ಏನ ಹುಡಕಾಕತ್ತೀರಿ? ಶೋರೂಮಿನ ಗಾಡಿ ಐತ್ರಿ ಇದು" ಎಂದ ಮನೆಯ ಯಜಮಾನ.

"ನಿಮ್ಮ ಕಾಕಾಂದ ಹಂಗಽ ನೋಡಪಾ. ಗಾಡಿ ಮಾರಿ ನೋಡೂದಿಲ್ಲ, ಹೊಟ್ಟಿ ನೋಡ್ತಾರ. ಎಬ್ಬಸ ಬಾ ಇಲ್ಲೆ" ಎಂದಳು ನನ್ನ ಹೆಂಡತಿ. ಇಬ್ಬರೂ ಸೇರಿ ನನ್ನನ್ನು ಎತ್ತಿ ನಿಲ್ಲಿಸಿದರು. ಗಾಡಿ ಖರೆ ಫೋರ್ ವ್ಹೀಲ್ ಹೌದೆಂದು ನಾನು ಸೊಂಟ ಹಿಡಿದುಕೊಂಡು ಸರ್ಟಿಫಿಕೇಟ್ ಕೊಟ್ಟೆ. ನನಗೆ ಗಾಡಿಗಳ ವಿಷಯ ಬಹಳ ಗೊತ್ತು ಎಂದು ನಮ್ಮ ಓಣಿಯವರು ತಿಳಿದಿದ್ದಾರೆ. ನನಗೆ ಗೊತ್ತಿರುವುದು ಒಂದೇ ಒಂದು ಸಂಗತಿ. ಅದನ್ನು ಕಲಿತ ರೀತಿ ಹೇಳಿಕೊಳ್ಳುವಂಥದ್ದಲ್ಲ.

ತೊಂಬತ್ತರ ದಶಕದಲ್ಲಿ ನನಗೆ ಮೂಡಲಗಿಯಲ್ಲಿ ಗೊಬ್ಬರ, ಬೀಜದ ಅಂಗಡಿ ಇತ್ತು. ಅಂಗಡಿಯ ಜೊತೆಗೆ ಒಂದು ಗಾಡಿ ಇದ್ದರೆ ಬಾಡಿಗೆಗೆ ಬಿಡಬಹುದೆಂದು ಸಂಕೇಶ್ವರದಲ್ಲಿ ಒಬ್ಬರಿಂದ ಹಳೆಯ ಜೀಪೊಂದನ್ನು ಕೊಂಡೆ. ಮಿಲಿಟರಿಯಿಂದ ಹರಾಜಿಗೆ ಬಂದ ಜೀಪೆಂದು ಮಾರಿದವರು ಹೇಳಿದ್ದರು. ಅದರ ಮೇಲಿನ ಹಸಿರು ಬಣ್ಣವನ್ನು ಉಗುರಿನಿಂದ ಕೆರೆದರೆ ಅಡಿಯಲ್ಲಿ ಮತ್ತೊಂದು ಹಸಿರು ಬರುತ್ತಿತ್ತು. ಅಷ್ಟನ್ನೇ ಪುರಾವೆಯೆಂದು ನಂಬಿದ್ದೆ. ಗೇರಿನ ಕೋಲಿನ ಬಾಜೂ ಇನ್ನೊಂದು ಗಿಡ್ಡ ಲಿವರ್, ಅದರ ತುದಿಗೆ ಕೆಂಪು ಗುಂಡು. ಅದನ್ನು ಎಳೆದರೆ ಮುಂದಿನ ಎರಡು ಗಾಲಿಗಳಿಗೂ ಇಂಜಿನ್ನಿನ ಜೋರು ಹತ್ತಿ, ನಾಲ್ಕೂ ಗಾಲಿ ಒಟ್ಟಿಗೆ ಎಳೆಯುತ್ತವೆ. ಮನೆಗೆ ಬಂದವರನ್ನೆಲ್ಲ ನಾನು ಜೀಪಿನಲ್ಲಿ ಕೂರಿಸಿ ಆ ಲಿವರ್ ಎಳೆದು ತೋರಿಸುತ್ತಿದ್ದೆ. ಟಕ್ ಎಂದು ಸಪ್ಪಳ ಬರುತ್ತಿತ್ತು. ಮಾವನವರಿಗೂ ತೋರಿಸಿದ್ದೇನೆ. ಅವರು ಚಹಾ ಆರಿಹೋದೀತೆಂಬ ಚಿಂತೆಯಲ್ಲಿ "ಭಾಳ ಛಲೋ ಐತ್ರಿ" ಎಂದಿದ್ದರು.

ಆದರೆ ಜೀಪು ಡೀಸೆಲ್ ಕುಡಿಯುತ್ತಿತ್ತು. ಗೋಕಾಕದ ಗ್ಯಾರೇಜಿನ ಮಿಸ್ತ್ರಿಯನ್ನು ಕೇಳಿದೆ. ಅವನು ಒಂದು ಗಾಡಿಯ ಅಡಿಯಲ್ಲಿ ಮಲಗಿದ್ದವನು ಮಲಗಿದಲ್ಲಿಂದಲೇ ಉತ್ತರ ಕೊಟ್ಟ. "ಮುಂದಿನ ಶಾಫ್ಟ್ ತಗದ ಬಿಡ್ರಿ ಸಾವಕಾರ್ರ. ಡಾಂಬರ್ ರೋಡಿಗೆ ಅದರ ಕೆಲಸ ಏನೈತಿ? ಮೈಲೇಜ್ ಬರ್ತೈತಿ, ಸ್ಟೇರಿಂಗ್ ಹಗೂರ ಆಗ್ತೈತಿ."

ಶಾಫ್ಟ್ ಎಂದರೆ ಒಂದು ಕಬ್ಬಿಣದ ಕೊಳವೆ, ಸುಮಾರು ಒಂದು ತೋಳಿನಷ್ಟು ಉದ್ದ. ಇಂಜಿನ್ನಿನ ಶಕ್ತಿಯನ್ನು ಮುಂದಿನ ಗಾಲಿಗಳಿಗೆ ಒಯ್ಯುವುದು ಅದೇ.

"ಅದನ್ನ ತಗದ್ರ ಲಿವರ್?" ಎಂದು ಕೇಳಿದೆ.

"ಲಿವರ್ ಇರ್ತೈತ್ರಿ. ಟಕ್ ಅಂತೈತಿ. ಬರೇ ಅನ್ನೂದಽ."

"ಮತ್ತ ಅದು ಫೋರ್ ವ್ಹೀಲ್ ಅನಸ್ಕೊಂತೈತೇನು?"

ಆಗ ಮಿಸ್ತ್ರಿ ಹೊರಗೆ ಬಂದು, ಕೈ ಒರೆಸಿಕೊಂಡು ನನ್ನ ಮುಖ ನೋಡಿದ. "ಮ್ಯಾಲ ಕೂತಾಂವಗ ಅನಸ್ತೈತ್ರಿ. ಅಡ್ಯಾಗ ಮಲಗಿದಾಂವಗ ಅನಸೂದಿಲ್ಲ."

ನಾನು ಮೇಲೆ ಕೂರುವವನು. ಶಾಫ್ಟ್ ತೆಗೆಸಿ, ಗೋಣಿಚೀಲದಲ್ಲಿ ಸುತ್ತಿಸಿ, ತಂದು ನನ್ನ ಗೋದಾಮಿನ ಮೂಲೆಯಲ್ಲಿ ಇಟ್ಟೆ. ಮೈಲೇಜ್ ಬಂತು. ಆ ಖುಷಿಯಲ್ಲಿ ಒಂದು ವಾರ ನಾನು ಹೆಂಡತಿಯ ಜೊತೆ ಮೆತ್ತಗೆ ಮಾತನಾಡಿದ್ದೆನಂತೆ. ಅವಳಿಗೆ ಇನ್ನೂ ನೆನಪಿದೆ.

ಅದೇ ವರ್ಷ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಸಾಹೇಬರಿಗೆ ಹೊಲ ತಿರುಗಲು ಜೀಪು ಬೇಕಾಯಿತು. ಮಳೆಗಾಲದಲ್ಲಿ ಜಿಗುಟಾದ ಕಪ್ಪು ಎರಿಮಣ್ಣಿನ ದಾರಿಗಳಲ್ಲಿ ಹೋಗಬೇಕು, ಫೋರ್ ವ್ಹೀಲೇ ಆಗಬೇಕು ಎಂಬುದು ಅವರ ಷರತ್ತು. ನಾನು ಕೆಂಪು ಗುಂಡಿನ ಲಿವರ್ ಎಳೆದು ತೋರಿಸಿದೆ. ಟಕ್ ಎಂದಿತು. ಸಾಹೇಬರು ತಾವೂ ಒಮ್ಮೆ ಎಳೆದು ನೋಡಿದರು. ಟಕ್ ಎಂದಿತು. ಗಾಡಿ ಒಪ್ಪಿಗೆಯಾಯಿತು.

ಜೀಪಿಗೆ ನಾನಿಟ್ಟ ಡ್ರೈವರ್ ಹುಕ್ಕೇರಿಯವನು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಹುಕ್ಕೇರಿಯಲ್ಲಿ ಅವನ ಅಣ್ಣನ ಮನೆಯ ಒಂದು ಕೋಣೆಯಲ್ಲಿ ಇದ್ದರು; ಇವನು ಇಲ್ಲಿ ನನ್ನ ಗೋದಾಮಿನಲ್ಲಿ ಗೊಬ್ಬರದ ಚೀಲಗಳ ನಡುವೆ ಮಲಗುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗಿ ಬರುತ್ತಿದ್ದ. ಹೋಗುವ ಮುಂಚೆ ಎರಡು ಸಲ ಸ್ನಾನ ಮಾಡುತ್ತಿದ್ದ. ಯೂರಿಯಾ ವಾಸನೆಗೆ ಸಣ್ಣ ಮಗಳು ಹತ್ತಿರ ಬರುವುದಿಲ್ಲ ಎಂದು ಒಮ್ಮೆ ನಗುತ್ತ ಹೇಳಿದ್ದ.

ಸಾಹೇಬರಿಗೆ ಅವನು ಗಾಡಿ ಓಡಿಸುವ ರೀತಿ ಹಿಡಿಸಿತು. ಬಾಡಿಗೆಯ ಗಾಡಿಗಳ ಜೊತೆಗೆ ಕಾರ್ಖಾನೆ ಬರುವ ವರ್ಷ ತನ್ನದೇ ಒಂದು ಜೀಪನ್ನೂ ಕೊಳ್ಳುವುದಿತ್ತು. "ಈ ಮಳಿಗಾಲ ಒಂದ ನೋಡ್ತೇನಿ. ಕೆಸರಾಗ ಗಾಡಿ ಹೊಡಿಯೂದು ಬಂತಂದ್ರ ಕಾಯಂ ಡ್ರೈವರ್ ಅಂತ ನಿನ್ನ ಹೆಸರಽ ಕಳಸ್ತೇನಿ" ಎಂದಿದ್ದರಂತೆ. ಕಾಯಂ ಡ್ರೈವರನಿಗೆ ಕಾರ್ಖಾನೆಯ ಆವರಣದಲ್ಲಿ ಎರಡು ಕೋಣೆಯ ಮನೆ ಸಿಗುತ್ತಿತ್ತು. ಅವನು ಆ ಮನೆಗಳನ್ನು ನೋಡಿಕೊಂಡೂ ಬಂದಿದ್ದ. ಅಲ್ಲಿಂದ ಶಾಲೆ ಎಷ್ಟು ದೂರ ಎಂದು ಹೆಜ್ಜೆ ಎಣಿಸಿದ್ದ. ನನ್ನ ಹೆಂಡತಿಗೆ ಹೇಳಿದ್ದನಂತೆ: "ಅಕ್ಕಾರ, ನೂರಾ ಎಂಬತ್ತ ಹೆಜ್ಜಿ ಆಗ್ತೈತ್ರಿ. ಹುಡಗ್ಯಾರ ಕಾಲಿಗೆ ಮುನ್ನೂರ ಹಿಡೀರಿ."

ಶಾಫ್ಟ್ ಇಲ್ಲವೆಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಜೀಪಿನಡಿ ಮಲಗುವವನು ಅವನೇ. ಮೊದಲ ಮಳೆ ಬಿದ್ದ ದಿನವೇ ಕೇಳಿದ: "ಸಾವಕಾರ್ರ, ಶಾಫ್ಟ್ ಹಾಕೋಣ್ರಿ? ಗ್ರೀಸ್ ಹಚ್ಚಿ ಇಟ್ಟೇನಿ."

"ನಿಂದ್ರಪಾ, ಇನ್ನಾ ಮಳಿ ಎಲ್ಲಿ ಹತ್ತೇತಿ?" ಎಂದೆ. ಮಳೆ ಹತ್ತಿದ ಮೇಲೆ ಮತ್ತೆ ಕೇಳಿದ. "ಮುಂದಿನ ವಾರ ನೋಡೂಣು" ಎಂದೆ. ಮೈಲೇಜಿನ ರುಚಿ ಹತ್ತಿದ ಮನುಷ್ಯನಿಗೆ ಮುಂದಿನ ವಾರ ಬರುವುದೇ ಇಲ್ಲ.

ಶ್ರಾವಣದಲ್ಲಿ ಒಂದು ದಿನ ನಾಗನೂರಿನ ಕಡೆ ಕಬ್ಬು ನೋಡಲು ಹೊರಟಾಗ ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಬಾಡಿಗೆಯ ಕರಾರನ್ನು ಮುಂದಿನ ವರ್ಷಕ್ಕೂ ಬೆಳೆಸುವ ಮಾತನ್ನು ಸಾಹೇಬರ ಕಿವಿಗೆ ಹಾಕಬೇಕಿತ್ತು. ದಾರಿಯುದ್ದಕ್ಕೂ ನಾನು ಜೀಪಿನ ಗುಣಗಾನ ಮಾಡಿದೆ. ಡಾಂಬರು ಬಿಟ್ಟು ಹೊಲದ ದಾರಿಗಿಳಿದು ಎರಡು ಫರ್ಲಾಂಗು ಹೋಗಿರಬಹುದು, ಹಿಂದಿನ ಗಾಲಿಗಳು ಮೆತ್ತಗೆ ಕೆಸರಿಗೆ ಇಳಿದವು. ಎರಿಮಣ್ಣು ಗಡಿಬಿಡಿ ಮಾಡುವುದಿಲ್ಲ.

"ಹಾಕಪಾ ನಿನ್ನ ಫೋರ್ ವ್ಹೀಲ್" ಎಂದರು ಸಾಹೇಬರು, ತಮಾಷೆ ನೋಡುವವರಂತೆ.

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಕಬ್ಬಿನ ಕಡೆ ನೋಡಿದೆ. ಅವನು ಕೆಂಪು ಗುಂಡು ಹಿಡಿದು ಎಳೆದ. ಟಕ್ ಎಂದಿತು. ಹಿಂದಿನ ಗಾಲಿಗಳು ತಿರುಗಿ ನನ್ನ ಬಿಳಿ ಅಂಗಿಯ ಮೇಲೆಲ್ಲ ಕೆಸರು ಎರಚಿದವು. ಸಾಹೇಬರು ಕೆಳಗಿಳಿದು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮುಂದೆ ಬಗ್ಗಿದರು. "ಮುಂದಿನ ಗಾಲಿ ತಿರಗವಲ್ಲವಲ್ಲೋ. ಇದೇನ ಖರೆ ಫೋರ್ ವ್ಹೀಲ್ ಹೌದೋ ಅಲ್ಲೋ?"

ಅವರ ಕಣ್ಣು ನನ್ನ ಮೇಲಿತ್ತು. ಇನ್ನೊಂದು ಗೇಣು ಬಗ್ಗಿದ್ದರೆ ಶಾಫ್ಟ್ ಇರಬೇಕಾದ ಜಾಗದಲ್ಲಿ ಗಾಳಿ ಕಾಣುತ್ತಿತ್ತು. ನಾನು ಎದ್ದು ನಿಂತು ಹೇಳಿದೆ: "ಗಾಡಿ ಖರೆನ ಐತ್ರಿ ಸಾಹೇಬ್ರ. ಇಂವಗ ಹಾಕಾಕ ಬರೂದಿಲ್ರಿ. ಎಷ್ಟ ಸಲ ಹೇಳೇನಿ, ಲಿವರ್ ಬರೋಬ್ಬರಿ ಎಳಿ ಅಂತ. ಕೈಯಾಗ ಕಸುವಽ ಇಲ್ಲ."

ಸಾಹೇಬರು ಅವನ ಕಡೆ ತಿರುಗಿದರು. "ಹೌದೇನೋ?"

ಅವನು ಸ್ಟೇರಿಂಗ್ ಬಿಟ್ಟಿರಲಿಲ್ಲ. ಈಗ ಶಾಫ್ಟ್ ಎಂಬ ಒಂದು ಮಾತು ಅವನ ಬಾಯಿಂದ ಬಂದರೆ ನನ್ನ ಕಥೆ ಮುಗಿಯಿತು ಎಂದು ನಾನು ಕಾಯುತ್ತಿದ್ದೆ. ಅವನು ಕೆಂಪು ಗುಂಡನ್ನು ಮೊದಲಿದ್ದ ಕಡೆಗೆ ತಳ್ಳಿ ಹೇಳಿದ: "ಹೌದ್ರಿ ಸಾಹೇಬ್ರ. ನಂದ ತಪ್ಪರಿ. ಗೇರ್ ಬೀಳಲಿಲ್ರಿ."

ಬಾಜೂ ಹೊಲದ ರೈತ ಒಂದು ಜೋಡಿ ಎತ್ತು ತಂದು ಹಗ್ಗ ಕಟ್ಟಿದ. ಎತ್ತುಗಳು ಒಮ್ಮೆ ತಲೆ ತಗ್ಗಿಸಿ ಎಳೆದವು, ಜೀಪು ಹೊರಗೆ ಬಂತು. ರೈತ ಅವುಗಳ ಬೆನ್ನು ತಟ್ಟುತ್ತ, "ಸಾಹೇಬ್ರ, ಇವಕ್ಕ ಲಿವರ್ ಇಲ್ರಿ. ಎಂಟೂ ಕಾಲಿಗೆ ಜೋರ ಹತ್ತೈತಿ ನೋಡ್ರಿ" ಎಂದ. ಸಾಹೇಬರು ನಕ್ಕರು. ನಾನೂ ನಕ್ಕೆ. ಡ್ರೈವರ್ ಗಾಲಿಗೆ ಮೆತ್ತಿದ ಮಣ್ಣನ್ನು ಕೋಲಿನಿಂದ ಕೆರೆಯುತ್ತಿದ್ದ. ವಾಪಸು ಬರುವಾಗ ಸಾಹೇಬರು ನನ್ನೊಡನೆಯೇ ಮಾತಾಡಿದರು. ನನ್ನ ಕರಾರು ಬೆಳೆಯಿತು. ಅವನ ಹೆಸರು ಮೇಲೆ ಹೋಗಲಿಲ್ಲ.

ಮರುದಿನ ಮುಂಜಾನೆ ಅಂಗಳದಲ್ಲಿ ಸ್ಪ್ಯಾನರಿನ ಸಪ್ಪಳ ಕೇಳಿ ಹೊರಗೆ ಬಂದೆ. ಜೀಪಿನಡಿಯಿಂದ ಅವನ ಎರಡು ಪಾದಗಳು ಕಾಣುತ್ತಿದ್ದವು. ಒಂದೊಂದೇ ಬೋಲ್ಟ್ ಬಿಗಿ ಮಾಡಿ, ಎದ್ದು ಬಂದು, ಕೈ ತೊಳೆದು, ಕೀಲಿಯನ್ನು ಬಾಗಿಲ ಮೊಳೆಗೆ ಹಾಕಿದ. "ಈಗ ಖರೆ ಫೋರ್ ವ್ಹೀಲ್ ಆತ್ ನೋಡ್ರಿ ಸಾವಕಾರ್ರ. ಗ್ರೀಸ್ ಮಾತ್ರ ಬಿಡಬ್ಯಾಡ್ರಿ" ಎಂದ. ಸಿಟ್ಟಿನ ದನಿಯಲ್ಲ. ಗಾಡಿಯನ್ನು ಹೊಸಬರಿಗೆ ಒಪ್ಪಿಸುವಾಗ ಹೇಳುವ ದನಿ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. "ಯಾಕ ಹ್ವಾದ ಅಂವಾ?" ಎಂದು ಹೆಂಡತಿ ಕೇಳಿದಳು. "ಹುಕ್ಕೇರ್ಯಾಗ ಕೆಲಸ ಸಿಕ್ಕೈತಂತ" ಎಂದೆ.

ನಾವು ಜೈನರು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ಆ ದಿನ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುವ ಪದ್ಧತಿ. ಇದರಲ್ಲಿ ನನ್ನಷ್ಟು ಶ್ರದ್ಧೆಯವರು ಮೂಡಲಗಿಯಲ್ಲಿ ಇರಲಿಲ್ಲ. ಆ ವರ್ಷ ನಾನು ನೆರೆಯವರನ್ನು, ಹಾಲಿನವನನ್ನು, ಕ್ಷೌರದವನನ್ನು, ಕಡೆಗೆ ನನಗೇ ಮೋಸ ಮಾಡಿದ್ದ ಒಬ್ಬ ಬೀಜದ ಏಜೆಂಟನನ್ನೂ ಕ್ಷಮೆ ಕೇಳಿದೆ. ಅವನು ಗಾಬರಿಯಾಗಿ ತಾನೂ ಕೈ ಮುಗಿದ. ಮುಂದಿನ ವರ್ಷಗಳಲ್ಲೂ ಹಾಗೆಯೇ ಮಾಡಿದೆ. ಕೇಳದೆ ಉಳಿದದ್ದು ಒಬ್ಬನೇ. ಒಂದು ವರ್ಷ ಹುಕ್ಕೇರಿಯ ಬಸ್ಸನ್ನೂ ಹತ್ತಿದೆ. ಸ್ಟ್ಯಾಂಡಿನಲ್ಲಿ ಇಳಿದು, ಕಟ್ಟೆಯ ಮೇಲೆ ಕೂತು, ಎರಡು ಚಹಾ ಕುಡಿದು, ಅದೇ ಬಸ್ಸಿಗೆ ವಾಪಸು ಬಂದೆ. ಟೈರ್ ನೋಡಲು ಹೋಗಿದ್ದೆ ಎಂದು ಮನೆಯಲ್ಲಿ ಹೇಳಿದೆ. "ಕ್ಷಮಾವಣಿ ದಿನ ಟೈರ್?" ಎಂದಳು ಹೆಂಡತಿ. 

ಅವನು ಕೆಲಸ ಬಿಟ್ಟ ಆರೇಳು ವರ್ಷಗಳ ನಂತರ ಸಂಕೇಶ್ವರದಲ್ಲಿ ಒಂದು ಬೆಲ್ಲದ ಟೆಂಪೋದಿಂದ ಅವನೇ ಇಳಿದು ಎದುರಿಗೆ ಬಂದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. "ಸಾವಕಾರ್ರ, ಆರಾಮ ಅದೀರಿ? ಅಕ್ಕಾರ ಹೆಂಗದಾರ್ರಿ? ಜೀಪ ಐತಿಲ್ರಿ?" ಎಂದ. ಟೆಂಪೋ ಬೇರೆಯವರದು, ಹೆಂಡತಿ ಮಕ್ಕಳು ಇನ್ನೂ ಅಣ್ಣನ ಮನೆಯ ಕೋಣೆಯಲ್ಲೇ ಇದ್ದಾರೆ ಎಂದ. ತಪ್ಪಾಯಿತು ಎಂದುಬಿಡಬೇಕೆಂದುಕೊಂಡೆ. ಬಾಯಿ ತೆರೆದೆ. ಹೊರಗೆ ಬಂದ ಮಾತು ಇದು: "ಟೆಂಪೋ ಲೀಟರಿಗೆ ಎಷ್ಟ ಕೊಡ್ತೈತಿ?"

ಅವನು ಯೋಚನೆ ಮಾಡಿ ಉತ್ತರ ಕೊಟ್ಟ. "ಲೋಡ್ ಇದ್ರ ಹನ್ನೆರಡ್ರಿ. ಖಾಲಿ ಇದ್ರ ಹದಿನಾಕ."

ಜೀಪು ಗುಜರಿಗೆ ಹೋಗಿ ಬಹಳ ದಿನವಾಯಿತು. ಅವನು ಶಾಫ್ಟ್ ಹಾಕಿ ಹೋದ ಮೇಲೆ ಆ ಕೆಂಪು ಗುಂಡನ್ನು ನಾನು ಯಾರಿಗೂ ಎಳೆದು ತೋರಿಸಲಿಲ್ಲ. ಖರೆ ಫೋರ್ ವ್ಹೀಲ್ ಯಾವುದು ಎಂದು ಈಗಲೂ ಓಣಿಯ ಜನ ನನ್ನನ್ನು ಕೇಳುತ್ತಾರೆ, ನಾನು ಬಗ್ಗಿ ನೋಡಿ ಹೇಳುತ್ತೇನೆ. ನನ್ನನ್ನು ಬಗ್ಗಿ ನೋಡಿದವನು ಒಬ್ಬನೇ, ನೋಡಿಯೂ ಅವನು ಸಾಹೇಬರಿಗೆ ಹೇಳಲಿಲ್ಲ. ಇದನ್ನು ಬರೆದದ್ದೂ ಲಿವರ್ ಎಳೆದಂತೆಯೇ ಇರಬಹುದು. ಟಕ್ ಎಂಬ ಸಪ್ಪಳವೇನೋ ಬಂದಿದೆ. ಗಾಲಿಗೆ ಮುಟ್ಟಿತೋ ಇಲ್ಲವೋ ಎಂಬುದು ನಾನು ಮತ್ತೊಮ್ಮೆ ಹುಕ್ಕೇರಿಯಲ್ಲಿ ಇಳಿದು, ಚಹಾದ ಅಂಗಡಿ ದಾಟಿ ಮುಂದೆ ನಡೆದರೆ ಗೊತ್ತಾಗಬೇಕು. ಕ್ಷಮಾವಣಿಗೆ ಇನ್ನು ಹನ್ನೊಂದು ದಿನವಿದೆ. ತಿಳಿದೋ ತಿಳಿಯದೆಯೋ ಎಂಬ ಮಾತನ್ನು ಈ ಸಲ ಬಿಡುತ್ತೇನೆ. ತಿಳಿದೇ ಮಾಡಿದೆ. ಅವನ ಹೆಸರು ಲಗಮಪ್ಪ.