ಸಣ್ಣ ಪರದೆಯಲ್ಲಿ ಹಾಜಿಯವರ ಜಾಗ

ಕನಸು ಕಾಣಲು ಒಂದಿಷ್ಟು ಅಗಲವಾದ ಜಾಗ ಬೇಕೆಂಬುದು ನನ್ನ ಬಹುಕಾಲದ ನಂಬಿಕೆ. ಇಕ್ಕಟ್ಟಿನಲ್ಲಿ ನನಗೆ ನಿದ್ದೆಯೇನೋ ಬರುತ್ತದೆ, ಕನಸು ಬರುವುದಿಲ್ಲ. ಹಂಪನಕಟ್ಟೆಯ ಮೂರನೇ ಮಹಡಿಯ ಆಫೀಸಿನಲ್ಲಿ ಕುಳಿತು ಊರಿನ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಉದ್ಯೋಗ. ನನ್ನ ಮೇಜಿನ ಮೇಲಿನ ಪರದೆ ಎರಡು ಬಾಳೆಲೆ ಜೋಡಿಸಿಟ್ಟಷ್ಟು ಅಗಲ. ಊಟವಾದ ಮೇಲೆ ಅದರ ತುಂಬ ತೆಳುನೀಲಿ ಬಳಿದು ನೋಡುತ್ತ ಕುಳಿತರೆ, ಕೆಳಗಿನ ಸಿಟಿ ಬಸ್ಸುಗಳ ಹಾರ್ನು ಕೂಡ ಎಲ್ಲೋ ದೂರದ ಹಡಗಿನದ್ದು ಅನ್ನಿಸುತ್ತದೆ. ಮಾಡಿದ ಪುಟವನ್ನು ಫೋನಿನ ಗೇಣುದ್ದದ ಪರದೆಯಲ್ಲೂ ಪರೀಕ್ಷಿಸಬೇಕೆಂಬ ನಿಯಮವೇನೋ ಇದೆ. ಆದರೆ ಅಷ್ಟು ದೊಡ್ಡ ನೀಲಿಯನ್ನು ಮಡಚಿ ಜೇಬಿಗೆ ತುರುಕಲು ಮನಸ್ಸಾಗಬೇಕಲ್ಲ. ನಾಳೆ ನೋಡಿದರಾಯಿತು ಎಂದುಕೊಳ್ಳುತ್ತೇನೆ.

ಹೀಗೆ ಫೋನಿನಲ್ಲಿ ನೋಡುವುದು ನಾಳೆಗೆ ಉಳಿದು, ಹಾಗೆಯೇ ಪ್ರಕಟವಾದದ್ದು ಒಂದು ಬಟ್ಟೆ ಅಂಗಡಿಯ ಪುಟ. ಅಂಗಡಿ ಮೂವರು ಅಣ್ಣತಮ್ಮಂದಿರದು. ಹಿರಿಯರಾದ ಹಾಜಿಯವರ ಫೋಟೋ ನಡುವೆ, ಎಡಗಡೆ ಕಿರಿಯ ಅಶ್ರಫ್, ಬಲಗಡೆ ದುಬೈಯಲ್ಲಿರುವ ಎರಡನೆಯವರು. ಹಿರಿಯರು ನಡುವೆ ಇರಬೇಕೆಂಬುದು ನಮ್ಮ ಕಡೆಯ ಮದುವೆ ಫೋಟೋಗಳಿಂದ ಬಂದ ರೂಢಿ. ನನ್ನ ದೊಡ್ಡ ಪರದೆಯಲ್ಲಿ ಮೂವರೂ ಬಹಳ ಚಂದವಾಗಿ ನಿಂತಿದ್ದರು. ಫೋನಿನಲ್ಲಿ ಮಾತ್ರ ಪಕ್ಕಪಕ್ಕ ನಿಲ್ಲಲು ಜಾಗವಿಲ್ಲ, ಒಬ್ಬರ ಕೆಳಗೊಬ್ಬರು ಬರಬೇಕು. ಎಡಗಡೆ ಇದ್ದವರು ಮೇಲೆ ಹೋಗುತ್ತಾರೆ. ಅಶ್ರಫ್ ತುತ್ತತುದಿಗೆ ಏರಿ, ಹಾಜಿಯವರು ತಮ್ಮನ ಕಾಲಡಿಗೆ ಬಂದಿದ್ದರು. ಹಾಜಿಯವರ ಹತ್ತಿರ ಇರುವುದು ಫೋನು ಮಾತ್ರ.

ಮೂರು ದಿನ ಕಳೆದು ಅಶ್ರಫ್ ಸಪ್ಪೆ ಮುಖ ಮಾಡಿಕೊಂಡು ಆಫೀಸಿಗೆ ಬಂದರು.

"ಅಣ್ಣ ಅಂಗಡಿಗೇ ಬರುದಿಲ್ಲ ಮಾರಾಯ್ರೆ. 'ಇನ್ನು ನೀನೇ ನೋಡಿಕೋ, ಯಜಮಾನ ನೀನೇ ಅಲ್ವಾ' ಅಂತಾರೆ. ವಾಪ ತೀರಿಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತು ನನ್ನನ್ನು ಸಾಕಿದ್ದು ಅವರು. ನಾನು ಫೋಟೋ ಕಳಿಸುವಾಗ ನನ್ನದನ್ನು ಮೊದಲು ಕಳಿಸಿದ್ದೆ, ಅದಕ್ಕೇ ಹೀಗಾದದ್ದು. ತಪ್ಪು ನಿಮ್ಮದು ಅಂತ ಅಣ್ಣನ ಹತ್ತಿರ ಒಂದು ಮಾತು ಹೇಳ್ತೀರಾ ಮೇಡಂ? ನಿಮಗೆ ಎಂತ ಹೋಗ್ಲಿಕ್ಕುಂಟು?"

ಆ ಕ್ಷಣದಲ್ಲೇ ನಿಜ ಹೇಳಬೇಕಿತ್ತು. ಆದರೆ ನಮ್ಮ ಬಾಸ್ ಪಕ್ಕದ ಮೇಜಿನಲ್ಲೇ ಇದ್ದರು. ನಾನು ನಿಟ್ಟುಸಿರು ಬಿಟ್ಟು, "ಆಯ್ತು, ನಿಮ್ಮ ಮನೆ ನೆಮ್ಮದಿಗೋಸ್ಕರ ಹೇಳ್ತೇನೆ" ಎಂದೆ. ಅಶ್ರಫ್ ಕಣ್ಣಲ್ಲಿ ನೀರು ಬಂತು. ನನಗೆ ನಾಚಿಕೆಯಾಯಿತು, ಸುಳ್ಳೇಕೆ, ಸ್ವಲ್ಪ ಸಂತೋಷವೂ ಆಯಿತು.

ಪಂಪ್‌ವೆಲ್ ಹತ್ತಿರದ ಮನೆಯಲ್ಲಿ ಹಾಜಿಯವರು ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಎದುರಿಗಿಟ್ಟ ಚಹಾ ಆರಿಹೋಗಿತ್ತು. "ತಪ್ಪು ನನ್ನದು" ಎಂದೆ. "ಅವನೇ ಕಳಿಸಿದ್ದಲ್ವಾ ನಿನ್ನನ್ನು?" ಎಂದರು. ನಾನು ಲ್ಯಾಪ್‌ಟಾಪ್ ತೆರೆದು, ಪುಟದ ಅಂಚು ಹಿಡಿದು ಕಿರಿದು ಮಾಡುತ್ತ ಬಂದೆ. ಪಕ್ಕಪಕ್ಕ ನಿಂತಿದ್ದ ಮೂವರು ಒಂದು ಹಂತದಲ್ಲಿ ತಟಕ್ಕನೆ ಒಬ್ಬರ ಕೆಳಗೊಬ್ಬರು ಇಳಿದರು. ಅಗಲ ಮಾಡಿದೆ, ಮತ್ತೆ ಹೆಗಲಿಗೆ ಹೆಗಲು ಕೊಟ್ಟು ನಿಂತರು. ಹಾಜಿಯವರು ಕನ್ನಡಕ ಹಾಕಿಕೊಂಡು ತಾವೇ ಎಳೆಯತೊಡಗಿದರು. ಕಿರಿದು, ಅಗಲ, ಕಿರಿದು, ಅಗಲ. ತಮ್ಮಂದಿರು ದೂರ ಹೋಗಿ ಹತ್ತಿರ ಬರುವುದನ್ನು ಅವರು ಎಷ್ಟು ಹೊತ್ತು ನೋಡಿದರೋ, ನಾನೂ ಜೊಂಪು ಹತ್ತಿದವಳಂತೆ ನೋಡುತ್ತಿದ್ದೆ.

"ಅಂದರೆ ಅವನು ಬೇಕೂಂತ ಮಾಡಿದ್ದಲ್ಲ."

"ಅಲ್ಲ ಹಾಜಿಯವರೇ. ನೋಡಬೇಕಾದವಳು ನಾನು, ನೋಡಲಿಲ್ಲ."

"ನೀನೆಂತ ಮಾಡುದು ಮಗಳೇ? ಜಾಗ ಸಣ್ಣದಾದರೆ ಯಂತ್ರಕ್ಕೆ ಹಿರಿಯರು ಕಿರಿಯರು ಗೊತ್ತಾಗುದಿಲ್ಲ." ಆಮೇಲೆ ಒಳಗೆ ನೋಡಿ ದನಿ ತಗ್ಗಿಸಿದರು. "ಫೋನಿನಲ್ಲಿ ನನ್ನನ್ನು ಮೇಲೆ ಹಾಕು. ನಾನು ಹೇಳಿದ್ದು ಅಂತ ಅವನಿಗೆ ಗೊತ್ತಾಗುದು ಬೇಡ."

ಕೋಡಿನಲ್ಲಿ ಒಂದೇ ಸಾಲಿನ ಕೆಲಸ, ಅಲ್ಲೇ ಕುಳಿತು ಮಾಡಿದೆ. ಮರುದಿನ ಅವರು ಅಂಗಡಿಗೆ ಹೋದರು. ಸಂಜೆ ಆಫೀಸಿಗೆ ನನ್ನ ಹೆಸರಿನಲ್ಲಿ ಒಂದು ರೇಷ್ಮೆ ಸೀರೆ ಬಂತು. "ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಂಡು ನಮ್ಮ ಮನೆ ಉಳಿಸಿದವಳು" ಎಂದು ಹಾಜಿಯವರು ಬಾಸ್‌ಗೆ ಫೋನಿನಲ್ಲಿ ಹೇಳಿದರಂತೆ. ನಾನು ಹಾಜಿಯವರಿಗೆ ಫೋನು ಮಾಡಿ ತಪ್ಪು ನಿಜಕ್ಕೂ ನನ್ನದೇ ಎಂದೆ, ಅವರು ನಕ್ಕರು. ಅಶ್ರಫ್‌ಗೆ ಹೇಳಿದೆ, ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಉಳಿದದ್ದು ಬಾಸ್ ಒಬ್ಬರೇ. ಅವರಿಗೂ ಹೇಳಿಬಿಡಬೇಕೆಂದು ಎದ್ದವಳು, ಸೀರೆಯ ಸೆರಗು ಬಿಡಿಸಿ ನೋಡಿ ಮತ್ತೆ ಕುಳಿತೆ.