ಅಧ್ಯಕ್ಷರ ಮೆತ್ತೆಯ ಮೇಲೆ ಹತ್ತು ದಿನ

ನಾಲ್ಕು ಮಹಡಿ, ಹನ್ನೆರಡು ಮನೆ, ಒಂದೇ ಒಂದು ನೀರಿನ ಮೋಟಾರು ಹಾಗೂ ಲೆಕ್ಕವಿಲ್ಲದಷ್ಟು ನೋಟಿಸುಗಳ ಒಡೆಯರಾದ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರ ಸಮ್ಮುಖಕ್ಕೆ, ನೆಲಮಹಡಿಯ ಮೂಲೆಮನೆಯಲ್ಲಿ ಪುಸ್ತಕ ಬೈಂಡಿಂಗ್ ಮಾಡಿಕೊಂಡಿರುವವಳು ತಲೆಬಾಗಿ ಮಾಡುವ ಬಹಿರಂಗ ಅರಿಕೆ.

ಮಾನ್ಯರೇ,

ನಿನ್ನೆ ಸಂಜೆ ಆರಕ್ಕೆ ತಾವು ನನ್ನ ಬಾಗಿಲ ಸಂದಿಯಿಂದ ತೂರಿಸಿದ ನೋಟಿಸನ್ನು ಎರಡೂ ಕೈಗಳಿಂದ ಎತ್ತಿಕೊಂಡು, ಕನ್ನಡಕ ಒರೆಸಿಕೊಂಡು, ಒಂದಕ್ಷರ ಬಿಡದೆ ಓದಿದೆ. ಮೊಹರು ನೇರವಾಗಿ ಬಿದ್ದಿದೆ. ಸಹಿ ಎಂದಿನಂತೆ ಯಾರಿಗೂ ಅರ್ಥವಾಗದಷ್ಟು ಗಂಭೀರವಾಗಿದೆ. ಸಂಘದ ಕಚೇರಿಯಲ್ಲಿ ಅನುಮತಿಯಿಲ್ಲದೆ ‘ಒಂದು ಪ್ರಾಣಿಯನ್ನು’ ಇರಿಸಿರುವುದು ನನ್ನ ಮೊದಲ ಅಪರಾಧವೆಂದೂ, ಅಧ್ಯಕ್ಷರ ಕುರ್ಚಿಯ ಮೆತ್ತೆಯನ್ನು ಆ ಪ್ರಾಣಿಗೆ ಹಾಸಿಗೆಯಾಗಿ ಕೊಟ್ಟಿರುವುದು ಎರಡನೆಯದೆಂದೂ, ಇಪ್ಪತ್ತನಾಲ್ಕು ಗಂಟೆಯೊಳಗೆ ಪ್ರಾಣಿಯನ್ನು ತೆರವು ಮಾಡಿ ಕೀಲಿಯನ್ನು ಒಪ್ಪಿಸತಕ್ಕದ್ದೆಂದೂ ಅಪ್ಪಣೆ ಕೊಡಿಸಿದ್ದೀರಿ. ಆ ಪ್ರಾಣಿ ಬೆಕ್ಕು. ತಮಗೆ ಪರಿಚಯವಿಲ್ಲದ ಬೆಕ್ಕೇನೂ ಅಲ್ಲ. ಮೂರು ವರ್ಷಗಳಿಂದ ತಮ್ಮ ಅಡುಗೆಮನೆಯ ಮೀನಿನ ತಲೆಗಳನ್ನೆಲ್ಲ ತಪ್ಪದೆ ವಿಲೇವಾರಿ ಮಾಡುತ್ತ ಬಂದಿರುವವಳು.

ಈ ಕಟ್ಟಡದಲ್ಲಿ ಅವಳಿಗಿರುವಷ್ಟು ಹೆಸರು, ಅವಳಿಗಿರುವಷ್ಟು ನೆಂಟರು ಇನ್ನಾರಿಗೂ ಇಲ್ಲ. ಮೊದಲ ಮಹಡಿಯ ನಿವೃತ್ತ ಡ್ರಿಲ್ ಮಾಸ್ತರರಿಗೆ ಅವಳು ಹವಾಲ್ದಾರ್, ಎರಡನೇ ಮಹಡಿಯ ಅಕ್ಕ-ತಂಗಿಗೆ ಬೆಣ್ಣೆ, ಮೂರನೇ ಮಹಡಿಯ ತಮ್ಮ ಮನೆಯಲ್ಲಿ ಮೇಡಂ, ನನ್ನ ಬಾಯಲ್ಲಿ ಬರೀ ‘ಏ’. ಹನ್ನೆರಡು ಮನೆಯವರೂ ಬಂದವರಿಗೆಲ್ಲ ‘ಇದು ನಮ್ಮ ಬೆಕ್ಕು’ ಎಂದು ತೋರಿಸುತ್ತಿದ್ದರು, ಅವಳೂ ಯಾರ ಮಾತನ್ನೂ ಸುಳ್ಳು ಮಾಡದೆ ಎಲ್ಲರ ತಟ್ಟೆಯಲ್ಲೂ ಉಣ್ಣುತ್ತಿದ್ದಳು. ಕಳೆದ ಸಲ ಮೆಟ್ಟಿಲ ಕೆಳಗೆ ಹಾಕಿದ ನಾಲ್ಕು ಮರಿಗಳು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಇಲ್ಲವಾದವು. ಎಂಟು ದಿನ ಅವಳು ಒಂದೊಂದು ಬಾಗಿಲ ಮುಂದೆಯೂ ನಿಂತು ಕೂಗಿದಳು. ಒಯ್ದವರು ಯಾರೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಅದರ ಬದಲು ಎಲ್ಲರೂ ಸೇರಿ ಒಂದು ಸಭೆ ಕರೆದೆವು.

ಸಂಘದ ಹದಿನಾಲ್ಕು ವರ್ಷಗಳ ನಡಾವಳಿ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವ ಕೆಲಸ ನನ್ನದಾಗಿರುವುದರಿಂದಲೂ, ಅದಕ್ಕಾಗಿಯೇ ಕಚೇರಿಯ ಕೀಲಿ ನನ್ನ ಬಳಿ ಇರುವುದರಿಂದಲೂ ಅಧಿಕಾರದಿಂದ ಹೇಳಬಲ್ಲೆ: ಹನ್ನೆರಡಕ್ಕೆ ಹನ್ನೆರಡು ಮನೆಯವರೂ ಹಾಜರಾದ ಸಭೆ ನಮ್ಮ ಇತಿಹಾಸದಲ್ಲಿ ಅದೊಂದೇ. ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಯಾವ ವೈದ್ಯೆ, ಎಷ್ಟು ಗಂಟೆಗೆ, ಬುಟ್ಟಿ ಯಾರದು, ಬುಟ್ಟಿಯೊಳಗಿನ ಟವೆಲ್ ಯಾರದು, ಹಿಂದಿನ ಸಂಜೆಯಿಂದ ಯಾವ ಮನೆಯವರೂ ಒಂದು ತೊಟ್ಟು ಹಾಲನ್ನೂ ಹಾಕಕೂಡದು, ಎಲ್ಲವೂ ದಾಖಲಾಯಿತು, ಎಲ್ಲವನ್ನೂ ಎಲ್ಲರೂ ಪಾಲಿಸಿದರು. ಆಪರೇಷನ್ ಆದಮೇಲೆ ಅವಳು ಎಲ್ಲಿ ಮಲಗಬೇಕು ಎಂಬುದರ ಬಗ್ಗೆ ಮಾತ್ರ ಎರಡೂವರೆ ಪುಟದ ಆ ನಡಾವಳಿಯಲ್ಲಿ ಅರ್ಧ ಸಾಲೂ ಇಲ್ಲ. ನೆಂಟರನ್ನು ಕರೆದು ಮನೆಗೆ ಬೀಗ ಹಾಕಿಕೊಂಡು ಹೋದಂತಾಯಿತು.

ಮಧ್ಯಾಹ್ನ ಎರಡಕ್ಕೆ ಅವಳು ವಾಪಸು ಬಂದಳು. ಕಣ್ಣು ತೆರೆದಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ನಾಲಿಗೆಯ ತುದಿ ಹೊರಗಿತ್ತು. ಹೊಟ್ಟೆಯ ಕೂದಲು ಬೋಳಿಸಿ ಹೊಲಿಗೆ ಹಾಕಿದ್ದರು. ಅದನ್ನು ನೆಕ್ಕದಿರಲೆಂದು ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಕಾಲರ್ ಕಟ್ಟಿದ್ದರು. ಹತ್ತು ದಿನ ಒಂದೇ ಕೋಣೆ, ಸದ್ದಿರಬಾರದು, ಹಾರಬಾರದು, ಜಾಗ ಬದಲಿಸಬಾರದು ಎಂದು ವೈದ್ಯೆ ಚೀಟಿ ಬರೆದು ಕೊಟ್ಟಿದ್ದರು. ಬುಟ್ಟಿಯನ್ನು ಮೂರನೇ ಮೆಟ್ಟಿಲ ಮೇಲಿಟ್ಟು ನಾವು ಸುತ್ತ ನಿಂತೆವು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ತಲೆ ಕೆಡಿಸಿಕೊಂಡ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೆ. ಬೆಕ್ಕಿಗೆ ಹಾಸಿಗೆ ಹಾಸುವವರು ಯಾರೆಂದು ಹನ್ನೆರಡು ಸಂಸಾರಗಳು ಒಂದೂವರೆ ಗಂಟೆ ಚರ್ಚಿಸಿದ್ದನ್ನು ಆ ಇಲಿಗಳೇನಾದರೂ ಕೇಳಿದ್ದರೆ ಮರ್ಯಾದೆಯಿಂದ ಎದ್ದು ಹೋಗುತ್ತಿದ್ದವು.

ಡ್ರಿಲ್ ಮಾಸ್ತರರು ‘ನಮ್ಮ ಸೊಸೆಗೆ ಬೆಕ್ಕಿನ ಕೂದಲು ಆಗಲ್ಲ, ಸೀನು ಶುರುವಾಗುತ್ತೆ’ ಎಂದರು. ಸೊಸೆ ಬೇರೆ ಮನೆ ಮಾಡಿ ಎರಡು ವರ್ಷವಾಗಿದೆ. ಎರಡನೇ ಮಹಡಿಯ ಅಕ್ಕ ‘ನಾವಿಬ್ರೂ ಹೊಲಿಗೆ-ಗಿಲಿಗೆ ನೋಡಿದ್ರೆ ತಲೆ ತಿರುಗಿ ಬೀಳ್ತೀವಿ ಕಣಮ್ಮಾ’ ಎಂದಳು, ತಂಗಿ ಆಗಲೇ ಗೋಡೆ ಹಿಡಿದುಕೊಂಡಳು. ಇಬ್ಬರೂ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದವರು. ತಾವಂತೂ ‘ನನಗೇನೂ ತೊಂದ್ರೆ ಇಲ್ಲ, ಆದ್ರೆ ಅಧ್ಯಕ್ಷನಾದವನು ಒಂದು ಬೆಕ್ಕನ್ನು ಇಟ್ಕೊಂಡ್ರೆ ಪಕ್ಷಪಾತ ಅನ್ನಿಸುತ್ತೆ’ ಎಂದು ನಮ್ಮೆಲ್ಲರ ನೆಪಗಳನ್ನು ಮೀರಿಸಿದಿರಿ. ನಾನು ನನ್ನ ಮನೆಯಲ್ಲಿ ಸೂಜಿ, ಬ್ಲೇಡು, ಕಾಗದ ಕತ್ತರಿಸುವ ಯಂತ್ರ ಇವೆ ಎಂದೆ. ಇದು ಅರ್ಧ ನಿಜ. ದಿನಾ ಮಧ್ಯಾಹ್ನ ಅವಳು ನನ್ನ ಕಾಗದದ ಚೂರುಗಳ ರಾಶಿಯ ಮೇಲೆ ಮಲಗಿ ಗೊರಕೆ ಹೊಡೆಯುವಾಗ ಆ ಸೂಜಿಗಳು ಎಲ್ಲಿ ಹೋಗಿದ್ದವು ಎಂದು ಯಾರೂ ಕೇಳದೇ ಇದ್ದದ್ದು ನನ್ನ ಪುಣ್ಯ.

ಆಗ ಹೊಳೆಯಿತಲ್ಲ ತಮಗೆ, ಆ ಉಪಾಯ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದನ್ನು ತಮ್ಮಿಂದ ಕಲಿಯಬೇಕು. ಮೆಟ್ಟಿಲು ಗುಡಿಸುವುದಕ್ಕೆ ಸರದಿ, ಮೋಟಾರು ಹಾಕುವುದಕ್ಕೆ ಸರದಿ, ಗೇಟಿನ ಬೀಗಕ್ಕೆ ಸರದಿ ಎಂದು ಬದುಕಿಕೊಂಡು ಬಂದ ಜನ ನಾವು. ಬೆಕ್ಕಿಗೂ ಸರದಿಯೇ ಏಕಾಗಬಾರದು? ಒಂದು ದಿನಕ್ಕೊಂದು ಮನೆ, ಯಾರಿಗೂ ಹೆಚ್ಚು ಹೊರೆಯಿಲ್ಲ, ಯಾರಿಗೂ ಕಡಿಮೆ ಪುಣ್ಯವಿಲ್ಲ. ತಾವು ಮೋಟಾರಿನ ಪಟ್ಟಿಯ ಒಂದು ಪ್ರತಿಯನ್ನೇ ತೆಗೆದುಕೊಂಡು ‘ಮೋಟಾರು’ ಎಂಬುದನ್ನು ಹೊಡೆದುಹಾಕಿ ‘ಬೆಕ್ಕು’ ಎಂದು ಬರೆದು ಫಲಕಕ್ಕೆ ಸಿಕ್ಕಿಸಿದಿರಿ. ‘ಸರದಿಯವರು ಬೆಳಿಗ್ಗೆ ಆರಕ್ಕೆ ಚಾಲೂ ಮಾಡಿ ಏಳಕ್ಕೆ ಆಫ್ ಮಾಡತಕ್ಕದ್ದು’ ಎಂಬ ಅಚ್ಚಾದ ಸೂಚನೆ ಮಾತ್ರ ಅಡಿಯಲ್ಲಿ ಹಾಗೇ ಉಳಿದಿತ್ತು. ಜಾಗ ಬದಲಿಸಬಾರದೆಂಬ ವೈದ್ಯೆಯ ಚೀಟಿಯನ್ನು ಅದೇ ಗುಂಡುಸೂಜಿಗೆ ಪಟ್ಟಿಯ ಹಿಂದೆ ಸಿಕ್ಕಿಸಲಾಗಿತ್ತು, ಹಾಗಾಗಿ ಯಾರಿಗೂ ಕಾಣಿಸಲಿಲ್ಲ.

ಮೊದಲ ದಿನ ಡ್ರಿಲ್ ಮಾಸ್ತರರ ಮನೆಯಲ್ಲಿ ಅವಳು ಫ್ರಿಜ್ಜಿನ ಹಿಂದೆ ಸೇರಿಕೊಂಡು ಹೊರಗೆ ಬರಲೇ ಇಲ್ಲ. ಮಾಸ್ತರರು ನೆಲದ ಮೇಲೆ ಬೋರಲಾಗಿ ಮಲಗಿ, ‘ಹವಾಲ್ದಾರ್, ಮುಂದೆ ಬಾ’ ಎಂದು ಇಡೀ ದಿನ ಆಜ್ಞೆ ಕೊಟ್ಟರಂತೆ. ಎರಡನೇ ದಿನ ಅಕ್ಕ-ತಂಗಿ ತಮ್ಮ ನಡುವೆ ಮಲಗಿಸಿಕೊಂಡು, ನಿದ್ದೆ ಬಂದಿದೆಯೋ ಇಲ್ಲವೋ ಎಂದು ಅರ್ಧ ಗಂಟೆಗೊಮ್ಮೆ ಎಬ್ಬಿಸಿ ನೋಡಿದರು. ಮೂರನೇ ದಿನ ಅವಳಿಗೆ ತಮ್ಮ ಆತಿಥ್ಯದ ಯೋಗ. ಮನೆಯೊಳಗೆ ಪಕ್ಷಪಾತವಾಗದಿರಲೆಂದು ತಾವು ಅವಳನ್ನು ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಬಿಟ್ಟಿರಿ. ಹನ್ನೊಂದು ಗಂಟೆಗೆ ಯಂತ್ರ ಗಡಗಡನೆ ತಿರುಗತೊಡಗಿದಾಗ ಅವಳು ಕಾಲರಿನ ಸಮೇತ ಕಿಟಕಿಯ ಕಟ್ಟೆಗೆ ಹಾರಿದಳು, ಅಲ್ಲಿಂದ ಬಿದ್ದಳು, ಎರಡು ಹೊಲಿಗೆ ಬಿಟ್ಟವು. ನೋಟಿಸಿನಲ್ಲಿ ಮೆತ್ತೆಯ ಬಣ್ಣವನ್ನೂ ಅಳತೆಯನ್ನೂ ಬರೆಯಲು ಮರೆಯದ ತಾವು ಇದೊಂದನ್ನು ಬರೆಯಲು ಮರೆತಿರುವುದು ಸಮಯದ ಅಭಾವದಿಂದ ಇರಬೇಕು.

ಬುಟ್ಟಿ ಹಿಡಿದುಕೊಂಡು ಓಡಿದವಳು ನಾನು. ವೈದ್ಯೆ ಮತ್ತೆ ಹೊಲಿಯುತ್ತ ‘ಇದೇನು ಬೆಕ್ಕೋ, ಕೊರಿಯರ್ ಪಾರ್ಸಲ್ಲೋ?’ ಎಂದು ಗದರಿದರು. ಇನ್ನು ಹತ್ತು ದಿನ ಹೊಸದಾಗಿ ಎಣಿಸಬೇಕು, ‘ಇನ್ನೊಂದ್ಸಲ ಬಿಟ್ರೆ ಒಳಗೆಲ್ಲ ಕೀವಾಗುತ್ತೆ, ಆಮೇಲೆ ಉಳಿಸೋದು ನನ್ನ ಕೈಲಿಲ್ಲ’ ಎಂದರು. ಆಮೇಲೆ ಕೈ ತೊಳೆಯುತ್ತ, ಗದರಿಕೆಯಿಲ್ಲದೆ, ‘ಇದಕ್ಕೆ ಅಂತ ಒಂದು ಮನೆ ಇಲ್ವೇನಮ್ಮಾ?’ ಎಂದು ಕೇಳಿದರು. ಹನ್ನೆರಡು ಮನೆಗಳ ಹೆಸರು ಬಾಯಿಯವರೆಗೆ ಬಂದವು, ಒಂದನ್ನೂ ಹೇಳಲಾಗಲಿಲ್ಲ. ಮೂವತ್ತು ವರ್ಷ ಹೊಲಿಗೆಯಿಂದಲೇ ಹೊಟ್ಟೆ ಹೊರೆದವಳು ನಾನು. ಅದೇ ತೂತಿನಲ್ಲಿ ಮೂರನೇ ಸಲ ದಾರ ಹಾಕಿದರೆ ಕಾಗದವೇ ತಡೆಯುವುದಿಲ್ಲ, ಇನ್ನು ಅವಳ ಹೊಟ್ಟೆಯೆಷ್ಟರದು ಎಂದು ನನಗೆ ಗೊತ್ತಿತ್ತು. ಅವತ್ತು ನಾಚಿಕೆಯಾಯಿತು, ಮಾನ್ಯರೇ. ತಮ್ಮ ಬಗ್ಗೆ ಆಮೇಲೆ, ಮೊದಲು ನನ್ನ ಬಗ್ಗೆಯೇ ಆಯಿತು.

ಈ ಸಂದರ್ಭದಲ್ಲಿ ಸಂಘದಿಂದ ತಮಗಾದ ಒಂದು ಹಳೆಯ ಅನ್ಯಾಯವನ್ನೂ ನೆನೆದು ಕ್ಷಮೆ ಕೇಳಬೇಕಾಗಿದೆ. ಹೋದ ವರ್ಷ ತಮಗೆ ಹರ್ನಿಯಾ ಆಪರೇಷನ್ ಆದಾಗ, ಎರಡು ವಾರ ಯಾರೂ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಮಾಡಕೂಡದೆಂದು ತಾವೇ ನೋಟಿಸು ಹಾಕಿಸಿ, ಪಾಪ, ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ, ಒಂದೇ ಮಂಚದ ಮೇಲೆ ಮಲಗಿ ನರಳಿದಿರಿ. ತಮ್ಮನ್ನೂ ಸರದಿಯ ಮೇಲೆ ದಿನಕ್ಕೊಂದು ಮನೆಗೆ ಸಾಗಿಸಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ! ಮುಂದಿನ ಸಲ ಈ ಲೋಪ ಆಗದಂತೆ ನೋಡಿಕೊಳ್ಳುತ್ತೇವೆ. ಮೊದಲ ದಿನ ಡ್ರಿಲ್ ಮಾಸ್ತರರ ಫ್ರಿಜ್ಜಿನ ಹಿಂದೆ ಜಾಗ ಕಾದಿರಿಸಲಾಗುವುದು. ಅಷ್ಟು ದೊಡ್ಡ ಬುಟ್ಟಿ ಎಲ್ಲಿ ಸಿಗುತ್ತದೆಂದು ಈಗಲೇ ವಿಚಾರಿಸುತ್ತಿದ್ದೇನೆ.

ಇನ್ನು ಕಚೇರಿಯ ವಿಷಯ. ಸದ್ದಿಲ್ಲದ, ಯಾರೂ ಕಾಲಿಡದ, ಯಾವ ಕೆಲಸವೂ ನಡೆಯದ ಕೋಣೆ ಬೇಕೆಂದು ವೈದ್ಯೆ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅದೊಂದೇ. ಕುರ್ಚಿಗಳನ್ನು ಹೊರಗಿಟ್ಟೆ, ಹಾರಲು ಎತ್ತರವೇ ಇಲ್ಲದಂತೆ ಮೇಜನ್ನು ಮಗುಚಿದೆ, ನಡಾವಳಿ ಪುಸ್ತಕಗಳ ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ನೆಲದ ಮೇಲಿಟ್ಟು ಒಳಗೆ ತಮ್ಮ ಮೆತ್ತೆ ಹಾಸಿದೆ. ಅವಳು ಮೂಸಿ ನೋಡಿದಳು, ಸ್ವಲ್ಪ ಯೋಚಿಸಿದಳು, ಮಲಗಿದಳು. ಆ ಮೆತ್ತೆಯ ಮೇಲೆ ತಿಂಗಳಿಗೆ ಅರ್ಧ ಗಂಟೆ ಕೂರುವವರನ್ನು ಕಂಡಿದ್ದೇವೆ. ಎಂಟು ದಿನ ಒಂದು ಗಳಿಗೆಯೂ ಬಿಡದೆ ಹಾಜರಿದ್ದು, ಯಾರ ಮಾತಿಗೂ ಅಡ್ಡ ಬಾರದೆ, ಯಾರಿಗೂ ನೋಟಿಸು ಕೊಡದೆ ಕಾರ್ಯನಿರ್ವಹಿಸಿದವರು ಇವಳೊಬ್ಬಳೇ. ಹೊಲಿಗೆ ಬಿಚ್ಚುವವರೆಗಾದರೂ ಇವಳನ್ನು ಹಂಗಾಮಿ ಅಧ್ಯಕ್ಷೆಯೆಂದು ಘೋಷಿಸಿದರೆ ಮೆತ್ತೆಯ ದುರ್ಬಳಕೆಯ ಆರೋಪ ತಾನಾಗಿ ಬಿದ್ದುಹೋಗುತ್ತದೆ ಎಂಬುದು ನನ್ನ ವಿನಮ್ರ ಸಲಹೆ.

ಅದಾಗದಿದ್ದರೆ ಇನ್ನೊಂದು ಮಾರ್ಗವಿದೆ. ತಮ್ಮ ಇಪ್ಪತ್ತನಾಲ್ಕು ಗಂಟೆ ಇಂದು ಸಂಜೆ ಆರಕ್ಕೆ ಮುಗಿಯುತ್ತದೆ. ಹೊಲಿಗೆ ಬಿಚ್ಚುವುದು ನಾಳಿದ್ದು ಬೆಳಿಗ್ಗೆ. ತಾವು ನೇರವಾಗಿ ಗಾಯಕ್ಕೇ ಒಂದು ನೋಟಿಸು ಕೊಡಬೇಕು: ಇಷ್ಟು ಗಂಟೆಯೊಳಗೆ ಮಾಯತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ ಎಂದು. ತಮ್ಮ ಮೊಹರಿಗೆ ಹೆದರಿ ನಾವು ಉಳಿದ ಹನ್ನೊಂದು ಮನೆಯವರು ಇಷ್ಟು ವರ್ಷ ಬಾಲ ಮುದುರಿಕೊಂಡಿದ್ದೇವೆ, ಬೆರಳುದ್ದದ ಗಾಯ ಹೆದರದೇ ಇದ್ದೀತೇ?

ಅದೂ ಸಾಧ್ಯವಿಲ್ಲವೆಂದರೆ, ಒಂದು ಮಾತನ್ನು ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಿನ್ನೆ ಅವಳು ಮೊದಲ ಸಲ ತಾನಾಗಿ ಎದ್ದು ತಟ್ಟೆಯವರೆಗೆ ನಡೆದು ಅರ್ಧ ಮೊಟ್ಟೆ ತಿಂದಳು. ಗಾಯದ ಅಂಚು ಕೂಡುತ್ತಿದೆ. ಇವತ್ತು ಎತ್ತಿ ಇನ್ನೊಂದು ಕಡೆಗೆ ಸಾಗಿಸಿದರೆ ಅವಳು ಮತ್ತೆ ಬೆದರುತ್ತಾಳೆ, ಮತ್ತೆ ಎಲ್ಲಿಗಾದರೂ ಹಾರುತ್ತಾಳೆ, ಈ ಸಲ ಸಾಯುತ್ತಾಳೆ. ನನಗೆ ಭಯವಾಗಿದೆ. ಎರಡು ದಿನ ಕೊಡಿ.

ಕೀಲಿ ಒಪ್ಪಿಸದ ತಪ್ಪಿಗೆ ಮುಂದಿನ ನೋಟಿಸಿನ ನಿರೀಕ್ಷೆಯಲ್ಲಿರುವ, ಆದರೂ

ತಮ್ಮ ವಿಶ್ವಾಸಿ,
ನೆಲಮಹಡಿಯ ಬೈಂಡಿಂಗ್‌ನವಳು

ತಾ.ಕ. (ಪತ್ರ ಅಂಟಿಸಿದ ಮೇಲೆ ಬರೆದು, ಅದರ ಅಡಿಗೆ ಸೇರಿಸಲು ಕಿಟಕಿಯಿಂದ ಕೊಟ್ಟ ಚೀಟಿ): ತಾವು ಈ ಪತ್ರವನ್ನು ಕಚೇರಿಯ ಮುಂದೆ ನಿಂತೇ ಓದಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಎರಡೂ ಕದಗಳಿಗೆ ಅಡ್ಡಲಾಗಿ ಇದನ್ನು ಅಂಟಿಸಿದವರು ಡ್ರಿಲ್ ಮಾಸ್ತರರು. ಮೊದಲು ಓದಿ, ಸೊಸೆಯ ಸಾಲು ಬಂದಾಗ ಒಂದು ಸಲ ಕೆಮ್ಮಿ, ಆಮೇಲೆ ಅಂಚು ಒಂದಿಷ್ಟೂ ಓರೆಯಾಗದಂತೆ ಅಂಟಿಸಿದ್ದಾರೆ. ಅಕ್ಕ-ತಂಗಿ ಕಿಟಕಿಯಿಂದ ಹಾಲು ಕೊಟ್ಟು, ಹೊಲಿಗೆಯನ್ನು ತಲೆ ತಿರುಗದೆ ಪರೀಕ್ಷಿಸಿ, ಚೆನ್ನಾಗಿದೆ ಎಂದು ಹೋಗಿದ್ದಾರೆ. ಕದ ತಳ್ಳಿದರೆ ಪತ್ರ ಹರಿಯುತ್ತದೆ, ಮೆಟ್ಟಿಲ ಮೇಲೆ ಅಷ್ಟೂ ಮನೆಯವರು ನೋಡುತ್ತಿರುತ್ತಾರೆ. ಹರಿಯುವುದು ಬಿಡುವುದು ತಮ್ಮ ಚಿತ್ತ. ಒಳಗೆ ಚಿಲಕವನ್ನೂ ಹಾಕಿದ್ದೇನೆ. ನಾಳಿದ್ದು ವೈದ್ಯೆ ಬರುವವರೆಗೆ ನಾನು ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿರುತ್ತೇನೆ. ಹನ್ನೊಂದು ದಿನದ ಹಿಂದೆ ಆ ಮೆಟ್ಟಿಲ ಬಳಿ ‘ನಾನು ಕೂರ್ತೀನಿ’ ಎಂದು ಹೇಳಿದ್ದರೆ ಮುಗಿಯುತ್ತಿತ್ತು, ಬಾಯಿ ಬರಲಿಲ್ಲ. ದಯವಿಟ್ಟು ಬಾಗಿಲು ಬಡಿಯಬೇಡಿ. ಅವಳಿಗೆ ಈಗಷ್ಟೇ ನಿದ್ದೆ ಹತ್ತಿದೆ.